ಎರಡು ದೇವರ ಒಂದು ಜಾವಳ

ಅರವತ್ತು ದಾಟಿದ ಮೇಲೆ ನನಗೆ ಜಾವಳ ಆಯಿತು. ನಗಬೇಡಿ. ನಗಲೇಬೇಕೆಂದರೆ ಪೂರ್ತಿ ಕೇಳಿ ಆಮೇಲೆ ನಗಿ. ನಮ್ಮ ಓಣಿಯವರು ಅರ್ಧ ಕೇಳಿಯೇ ನಕ್ಕು ನನ್ನ ಪಿತ್ತ ನೆತ್ತಿಗೇರಿಸಿದ್ದಾರೆ. ಜಾವಳ ಎಂದರೆ ಕೂಸಿನ ಮೊದಲ ಕೂದಲನ್ನು ದೇವರ ಮುಂದೆ ತೆಗೆಸುವುದು. ನಮ್ಮ ಕಡೆ ಕೂಸಿಗೆ ವರ್ಷ ತುಂಬುವುದರೊಳಗೆ, ತಪ್ಪಿದರೆ ಮೂರನೆಯ ವರ್ಷಕ್ಕಾದರೂ ಅದು ಆಗಿಹೋಗಬೇಕು. ನನ್ನದು ಆಗದೆ ಉಳಿದದ್ದಕ್ಕೆ ಬಡತನ ಕಾರಣವಲ್ಲ, ಮರೆವೂ ಕಾರಣವಲ್ಲ. ನನ್ನನ್ನು ಕೊಟ್ಟ ದೇವರು ಯಾರು ಅನ್ನುವುದು ಮನೆಯಲ್ಲಿ ಇತ್ಯರ್ಥವಾಗಲಿಲ್ಲ, ಅಷ್ಟೇ.

ಆಗ ನಮ್ಮ ಮನೆ ಕೊಟ್ಟೂರಿನಲ್ಲಿತ್ತು. ಅಪ್ಪ ಮಂಡಿಯಲ್ಲಿ ಹಮಾಲಿ. ಮದುವೆಯಾಗಿ ಬಹಳ ವರ್ಷ ಅವ್ವನಿಗೆ ಮಕ್ಕಳಾಗಲಿಲ್ಲ. ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಕೂಡ್ಲಿಗಿ ಕಡೆಯ ಗುಡ್ಡದ ಮೇಲಿರುವ ಮನೆದೇವರಿಗೆ ಹೋಗಿ ಹರಕೆ ಹೊತ್ತಳು: ಮೊಮ್ಮಗ ಹುಟ್ಟಿದರೆ ಅವನ ಮೊದಲ ಕೂದಲು ನಿನಗೆ. ಅವ್ವ ಇಟ್ಟಿಗಿ ಕಡೆಯ ತನ್ನ ತವರಿಗೆ ಹೋದಾಗ ಅಲ್ಲಿನ ಹಳ್ಳದ ದಂಡೆಯ ಅಮ್ಮನಿಗೆ ಅದೇ ಕೂದಲನ್ನು ಒಪ್ಪಿಸಿ ಬಂದಳು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲ ಅಂತ ಇಬ್ಬರಿಗೂ ನಂಬಿಕೆ. ಹಾಗಾಗಿ ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಅತ್ತೆ ಸೊಸೆ ಒಬ್ಬರಿಗೊಬ್ಬರು ತುಟಿ ಬಿಚ್ಚಲಿಲ್ಲ. ಒಂದೇ ಹೊಲವನ್ನು ಇಬ್ಬರಿಗೆ ಕ್ರಯ ಮಾಡಿಕೊಟ್ಟ ಹಾಗೆ, ಇನ್ನೂ ಹುಟ್ಟದ ನನ್ನ ತಲೆಯನ್ನು ಎರಡು ದೇವರಿಗೆ ಬರೆದುಕೊಟ್ಟಿದ್ದರು.

ನಾನು ಹುಟ್ಟಿದೆ. ತೊಟ್ಟಿಲು ಕಟ್ಟುವಾಗ ಎರಡು ಹರಕೆಯೂ ಹೊರಗೆ ಬಿದ್ದವು. ಅಜ್ಜಿಯದು ಒಂದೇ ವಾದ: ‘ನನ್ನ ಮನಿ ಕೂಸು, ನನ್ನ ಮನಿ ದ್ಯಾವ್ರು ಕೊಟ್ಟಾನ.’ ಅವ್ವನದೂ ಒಂದೇ ವಾದ: ‘ಹೊತ್ತಾಕಿ ನಾನು, ಹಡದಾಕಿ ನಾನು, ಯಾರನ್ನ ಕೇಳಿದ್ದೆ ಅಂತ ನನಗ ಗೊತ್ತಿಲ್ಲೇನು?’ ಇಬ್ಬರೂ ಪಟ್ಟು ಬಿಡಲಿಲ್ಲ. ನನ್ನ ಕೂದಲು ಮಾತ್ರ ಯಾರಪ್ಪನ ಹಂಗೂ ಇಲ್ಲದೆ ಬೆಳೆಯಿತು. ಎಣ್ಣೆ ಹಚ್ಚಿ ಜುಟ್ಟು ಕಟ್ಟುತ್ತಿದ್ದರಂತೆ. ನೋಡಿದವರೆಲ್ಲ ಹೆಣ್ಣುಕೂಸು ಅಂದುಕೊಂಡು ಕೆನ್ನೆ ಹಿಂಡುತ್ತಿದ್ದರಂತೆ. ಒಂದು ದಿನ ಮಂಡಿಯಿಂದ ಬಂದ ಅಪ್ಪನಿಗೆ ಈ ಜಗಳ ಕೇಳಿ ತಲೆ ಕೆಟ್ಟಿತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸೀದಾ ಬಜಾರಿಗೆ ಹೋಗಿ, ಕಟಿಂಗ್ ಅಂಗಡಿಯಲ್ಲಿ ತಲೆ ನುಣ್ಣಗೆ ಮಾಡಿಸಿಕೊಂಡು ಬಂದ. ದೇವರ ಕೂದಲು ಅಂಗಡಿಯ ಕಸಬರಿಗೆಗೆ ಹೋಯಿತು. ಬಾಗಿಲಲ್ಲಿ ನನ್ನ ಬೋಳು ತಲೆ ನೋಡಿ ಅತ್ತೆ ಸೊಸೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅತ್ತರು. ಅವರಿಬ್ಬರು ಒಂದಾಗಿದ್ದು ಅವತ್ತೇ ಮೊದಲು.

ಅವ್ವನ ಪ್ರಕಾರ ನನ್ನ ಬದುಕಿನ ಎಲ್ಲ ಕೇಡಿಗೂ ಆ ಅಂಗಡಿಯೇ ಮೂಲ. ಗಣಿತದಲ್ಲಿ ಫೇಲಾದದ್ದು, ನನ್ನ ಮೂಗಿನ ತುದಿಯ ಸಿಟ್ಟು, ನಲವತ್ತು ತುಂಬುವುದರೊಳಗೆ ನೆತ್ತಿ ಬೋಳಾದದ್ದು, ಎಲ್ಲಕ್ಕಿಂತ ಮೇಲಾಗಿ ನಾನು ಯಾವ ದೇವರಿಗೂ ಕೈಮುಗಿಯದವನಾದದ್ದು. ನಾನು ನಾಸ್ತಿಕನಾಗಲು ದೊಡ್ಡ ಕಾರಣವೇನೂ ಇಲ್ಲ. ಯಾರೂ ಭಾಷಣ ಮಾಡಿ ನನ್ನ ಮನಸ್ಸು ತಿರುಗಿಸಲಿಲ್ಲ, ಯಾವ ದೇವರೂ ನನಗೆ ಮೋಸ ಮಾಡಲಿಲ್ಲ. ಕೆಲವರಿಗೆ ಹಾಗಲಕಾಯಿ ಸೇರುವುದಿಲ್ಲವಲ್ಲ, ಹಾಗೆ ನನಗೆ ದೇವರು ಸೇರಲಿಲ್ಲ. ಪಕ್ಕದವರು ಉಣ್ಣುವುದಕ್ಕೆ ನನ್ನ ತಕರಾರಿಲ್ಲ. ನನ್ನ ತಾಟಿಗೆ ಹಾಕಬೇಡಿ ಅಷ್ಟೇ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರಿನ ರಸ್ತೆ ಬಿಟ್ಟು ನಾನು ಬೇರೆ ಪ್ರಪಂಚ ನೋಡಿದ್ದು ಕಡಿಮೆ. ಅದರ ಬಗ್ಗೆ ಕೊರಗೂ ಇಲ್ಲ. ನೌಕರಿಯಲ್ಲಿದ್ದಾಗಲೇ ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿದೆ, ಅವ್ವನನ್ನು ಕರೆತಂದೆ. ಹೆಂಡತಿ ಹರಪನಹಳ್ಳಿಯವಳು. ಅವಳ ಮಾತಿಗೆ ದಾವಣಗೆರೆಯ ಗಾಳಿ ತಾಗಿದೆ ಅಂತ ಅವ್ವ ಅಣಕಿಸುತ್ತಾಳೆ. ನಿಮ್ಮ ಮಾತಿಗೆ ಯಾವ ಗಾಳಿಯೂ ತಾಗಿಲ್ಲ ಬಿಡಿ ಅತ್ತೆ, ಅಂತ ಇವಳು ತಿರುಗಿಸಿ ಕೊಡುತ್ತಾಳೆ. ಇಬ್ಬರ ನಡುವೆ ನನ್ನ ಊಟ ಚೆನ್ನಾಗಿಯೇ ನಡೆದಿದೆ.

ಊಟದ ಹೊತ್ತಿಗೇ ಅವ್ವ ದೇವರ ವಿಷಯ ತೆಗೆಯುತ್ತಿದ್ದಳು. ಒಂದು ರಾತ್ರಿ ಹೀಗೇ ಶುರು ಮಾಡಿದಳು.

‘ನೀ ಹುಟ್ಟೂಕಿಂತ ಮೊದ್ಲ ದೇವ್ರಿಗೆ ಗೊತ್ತಿದ್ದಿ. ನಿನಗ ದೇವ್ರ ಗುರ್ತು ಇಲ್ಲ, ಅಷ್ಟ.’

‘ಯಾವ ದೇವ್ರಿಗೆ ಬೇ? ನಿನ್ನ ಹಳ್ಳದ ಅಮ್ಮಗೋ, ಅಜ್ಜಿ ಗುಡ್ಡದಪ್ಪಗೋ? ಮೊದ್ಲ ಅದನ್ನ ತೀರ್ಮಾನ ಮಾಡ್ರಿ.’

‘ಇಬ್ರಿಗೂ ಗೊತ್ತಿದ್ದಿ. ಒಂದ ಊರಾಗ ಇಬ್ರು ಸೂಲಗಿತ್ತೇರು ಇರಾಂಗಿಲ್ಲೇನು?’

‘ಇರ್ಲಿ ಬಿಡು. ನಂಬದೋರ ಗುರ್ತು ಇಟ್ಕೊಂಡು ದೇವ್ರಿಗೆ ಏನಾಗಬೇಕಾಗೇತಿ? ಅವಗ ಬ್ಯಾರೆ ಕೆಲ್ಸ ಇಲ್ಲೇನು?’

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಕೈಯಿಂದಲೇ ತಿರುಗಿಸಿದಳು. ‘ನಿನ್ನ ಬಸ್ಸಿಗೆ, ನಿನ್ನ ಕಂಡ್ರ ಆಗದೋರು ಯಾರೂ ಹತ್ತಾಂಗಿಲ್ಲೇನು?’

‘ಹತ್ತತಾರ. ದಿನಾ ಹತ್ತತಾರ.’

‘ಅವ್ರಿಗೆ ಟಿಕೀಟು ಕೊಡಾಂಗಿಲ್ಲೇನು ನೀನು?’

‘ಕೊಡತೀನಿ.’

‘ಮತ್ತ!’

‘ಹತ್ತಿದ ಮ್ಯಾಲೆ ಕೊಡತೀನಿ ಬೇ. ಹತ್ತೂಕಿಂತ ಮೊದ್ಲ ಯಾರು ಬರತಾರ, ಯಾರು ಬಿಡತಾರ ಅಂತ ನನಗೇನು ಗೊತ್ತು?’

‘ಗೊತ್ತಿಲ್ದನ ದಿನಾ ಮುಂಜಾನಿ ಖಾಲಿ ಬಸ್ ತಗೊಂಡು ಹೊಕ್ಕೀಯಲ್ಲ, ಯಾಕ?’

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಖಾಲಿ ಬಸ್ಸನ್ನು ಸ್ಟ್ಯಾಂಡಿಗೆ ತರುವವನು ಯಾರೋ ಬರುತ್ತಾರೆಂದು ತಿಳಿದೇ ತರುತ್ತಾನೆ, ಹೌದು. ಆದರೆ ಅದು ಟೈಂಟೇಬಲ್, ದೇವರಲ್ಲ, ಎಂದು ಹೇಳಬೇಕೆಂದು ನನಗೆ ಹೊಳೆದಿದ್ದು ಮರುದಿನ ಕೊಟ್ಟೂರು ಸ್ಟ್ಯಾಂಡಿನಲ್ಲಿ. ಅಲ್ಲಿ ಯಾರ ಮುಂದೆ ಹೇಳಲಿ? ನನ್ನ ಎಲ್ಲ ಒಳ್ಳೆಯ ಉತ್ತರಗಳೂ ಹೀಗೇ, ಒಂದು ದಿನ ತಡವಾಗಿ ಬರುತ್ತವೆ.

ನನ್ನ ಜೊತೆ ಬಹಳ ವರ್ಷ ಓಡಿದ ಡ್ರೈವರ್ ಒಬ್ಬರಿದ್ದರು, ಬುದ್ಧನನ್ನು ನೆನೆಯುವ ಮನೆಯವರು. ಬಸ್ಸಿನ ಮುಂಗಾಜಿನ ಹತ್ತಿರ ಬುದ್ಧನ ಸಣ್ಣ ಚಿತ್ರ ಅಂಟಿಸಿಕೊಂಡಿದ್ದರು. ಒಂದು ದಿನ ಅವರು ನಮ್ಮ ಮನೆಗೆ ಚಹಾಕ್ಕೆ ಬಂದಾಗ ಅವ್ವ ಬಿಡಲಿಲ್ಲ. ‘ನಿಮ್ಮೊಳಗ ದ್ಯಾವ್ರು ಇಲ್ಲಂತಲ್ರಿ, ಖರೇನಾ?’ ಅಂತ ಕೇಳಿಯೇಬಿಟ್ಟಳು. ನನಗೆ ನಾಚಿಕೆಯಾಯಿತು. ಅವರಿಗೇನೂ ಆಗಲಿಲ್ಲ. ‘ಆ ಪ್ರಶ್ನಿ ಬಿಟ್ಟು ಮುಂದಿನ ದಾರಿ ನೋಡ್ಕೊಂಡು ಹೋಗ್ರಿ ಅಂತಾರ ನಮ್ಮ ಹಿರ್ಯಾರು, ಅಮ್ಮಾ,’ ಅಂದರು. ಅವ್ವ ಆ ಮಾತು ಮೆಚ್ಚಿಕೊಂಡಳು. ‘ಡ್ರೈವರಿಗೆ ತಕ್ಕ ಮಾತು. ಆದ್ರೂ ನೀವು ಹುಟ್ಟೂಕಿಂತ ಮೊದ್ಲ ನಮ್ಮ ಹಳ್ಳದ ಅಮ್ಮಗ ಗೊತ್ತಿದ್ರಿ ಬಿಡ್ರಿ.’ ಅವರು ನಗುತ್ತ, ‘ಗೊತ್ತಿರ್ಲಿ ಬಿಡ್ರಿ ಅಮ್ಮ. ಗೊತ್ತಿದ್ರ ನಮಗೇನು ತ್ರಾಸಿಲ್ಲ,’ ಅಂದು ಚಹಾ ಮುಗಿಸಿದರು. ಅಷ್ಟು ಹಗುರವಾಗಿ ನಾನು ಯಾವತ್ತೂ ಅವ್ವನಿಗೆ ಉತ್ತರ ಕೊಟ್ಟವನಲ್ಲ.

ನಾನು ನಿವೃತ್ತನಾದ ಮೇಲೆ ಅವ್ವನಿಗೆ ಮರೆವು ಶುರುವಾಯಿತು. ಹೆದರುವಂಥದ್ದಲ್ಲ, ಒಮ್ಮೊಮ್ಮೆ ಮಾತ್ರ. ಸಂಜೆಯಾದರೆ ‘ನಿಮ್ಮಪ್ಪ ಮಂಡಿಯಿಂದ ಬಂದನೇನು?’ ಎಂದು ಕೇಳುವಳು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಮೊದಮೊದಲು ನಾನು, ‘ಅವ್ವಾ, ಅಪ್ಪ ಎಲ್ಲಿಂದ ಬರತಾನ, ಸ್ವಲ್ಪ ನೆನಪು ಮಾಡ್ಕೋ,’ ಎಂದು ತಿದ್ದುತ್ತಿದ್ದೆ. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ತರಾಟೆಗೆ ತೆಗೆದುಕೊಂಡಳು. ‘ಏನ್ ಕಂಡಕ್ಟರೋ ನೀವು! ಬಸ್ ಲೇಟ್ ಐತೆ ಅಂದ್ರೆ ಆಗಲ್ವಾ?’ ಅಂದಳು. ಆಮೇಲೆ ಅವಳೇ ಹೊರಗೆ ಹೋಗಿ, ‘ಇವತ್ತು ಮಾಲು ಜಾಸ್ತಿ ಬಂದೈತಂತೆ ಅತ್ತೆ, ತಡ ಆಗುತ್ತೆ, ನೀವು ಉಣ್ರಿ,’ ಎಂದಳು. ಅವ್ವ ಉಂಡಳು. ಒಳ್ಳೆಯ ನಿದ್ದೆಯನ್ನೂ ಮಾಡಿದಳು. ಅಂದಿನಿಂದ ನಾನು ತಿದ್ದುವುದನ್ನು ಬಿಟ್ಟೆ.

ಮರೆಯುತ್ತಿದ್ದೇನೆ ಅನ್ನುವುದು ಅವ್ವನಿಗೂ ತಿಳಿದಿತ್ತು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ನನ್ನನ್ನು ಕರೆದಳು. ಅವತ್ತು ಅವಳ ತಲೆ ನನ್ನದಕ್ಕಿಂತ ಚುರುಕಾಗಿತ್ತು.

‘ಎರಡು ಉಳದಾವು ನೋಡು. ಒಂದು ನಿನ್ನ ಜಾವಳ.’

‘ಇನ್ನೊಂದು?’

‘ನಾ ಹುಟ್ಟೂಕಿಂತ ಮೊದ್ಲ ದೇವ್ರಿಗೆ ಗೊತ್ತಿದ್ದೆ ಅಂತ ನೀ ನಿನ್ನ ಬಾಯಿಲೆ ಒಂದ್ಸಲ ಅನ್ನಬೇಕು. ಕೈ ಮುಗಿಬ್ಯಾಡ. ಗುಡಿಯೊಳಗ ಬರಬ್ಯಾಡ. ಅಂದ್ರ ಸಾಕು. ಎಲ್ಲಾ ಮರತು ಹೋಗೂದ್ರೊಳಗ ಕೇಳಿ ಬಿಡತೀನಿ.’

‘ಕೂದ್ಲು ಕೊಡತೀನಿ,’ ಅಂದೆ. ‘ಆ ಮಾತು ಕೇಳಬ್ಯಾಡ.’

ಹೆಂಡತಿ ಒಳಗಿನಿಂದಲೇ ಕೂಗಿದಳು: ‘ಒಂದ್ ಮಾತು ಅಂದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?’

ಗಂಟೇನೂ ಹೋಗುವುದಿಲ್ಲ, ನನಗೂ ಗೊತ್ತು. ಆದರೆ ನಾನು ಸುಳ್ಳು ಹೇಳಿದರೆ ಅವ್ವನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಹುಡುಗನಾಗಿದ್ದಾಗಿಂದ ನನ್ನ ಒಂದು ಸುಳ್ಳೂ ಅವಳ ಮುಂದೆ ನಿಂತಿಲ್ಲ. ಮಗ ತನ್ನ ಬಾಯಿ ಮುಚ್ಚಿಸಲು ಅಂದ ಎಂದು ತಿಳಿದರೆ ಅವಳಿಗೆ ಎಷ್ಟು ಬೇಜಾರು? ನಂಬಿ ಅನ್ನಲು ನನ್ನಿಂದಾಗದು, ನಂಬದೆ ಅನ್ನಲು ಅವಳು ಬಿಡಳು. ಅವಳಿಗೆ ಬೇಕಾಗಿದ್ದುದು ನನ್ನ ಭಕ್ತಿಯಲ್ಲ. ಮಗ ದಿಕ್ಕಿಲ್ಲದೆ ಹುಟ್ಟಿದವನಲ್ಲ, ಇವನು ಬರುತ್ತಾನೆಂದು ಯಾರಿಗೋ ಮೊದಲೇ ತಿಳಿದಿತ್ತು ಅನ್ನುವ ಒಂದು ಸಮಾಧಾನ. ಅದನ್ನು ಕೊಡಲಾಗದೆ ನಾನು ಚಡಪಡಿಸಿದೆ. ಚಡಪಡಿಸಿದಾಗೆಲ್ಲ ನಾನು ಸಿಡುಕುತ್ತೇನೆ. ಆ ವಾರವಿಡೀ ಮನೆಯಲ್ಲಿ ಸಿಡುಕಿದೆ.

ಕೊನೆಗೆ ಒಂದು ಮಂಗಳವಾರ ಅವ್ವ, ನಾನು ಇಬ್ಬರೇ ಇಟ್ಟಿಗಿಗೆ ಹೊರಟೆವು. ತಾಯಿ ಮಗ ಹೋಗಿ ಬರ್ರಿ ಅಂತ ಹೆಂಡತಿ ಮನೆಯಲ್ಲೇ ಉಳಿದಳು. ಇಟ್ಟಿಗಿಯ ಹತ್ತಿರದ ಊರಿನಲ್ಲಿ ನನ್ನ ಸೋದರಮಾವ, ಅವ್ವನ ತಮ್ಮ, ಇದ್ದಾನೆ. ಜಾವಳದಲ್ಲಿ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿಯನ್ನೂ ಅವನೇ ಹಾಕಬೇಕು. ಇದು ಕಟ್ಟಳೆ. ನನ್ನ ಮಾವನಿಗೆ ಎಪ್ಪತ್ತು ದಾಟಿ ಎಷ್ಟೋ ಆಗಿದೆ, ಎರಡೂ ಮೊಣಕಾಲು ಕೆಟ್ಟಿವೆ.

‘ಅಕ್ಕಾ, ಈ ಗೂಳಿನ ತೊಡಿ ಮ್ಯಾಲೆ ಕುಂದ್ರಿಸ್ಕೊಂಡ್ರ ನನ್ನ ಇಲ್ಲಿಂದ ಹೊತ್ಕೊಂಡ ಹೋಗಬೇಕಾಗತೈತಿ,’ ಅಂದ ಮಾವ.

‘ಅರವತ್ತು ವರ್ಷ ತಪ್ಪಿಸ್ಕೊಂಡೀಯಲ್ಲ, ಸಾಕಾಗಿಲ್ಲೇನು? ಕುಂದ್ರು,’ ಅಂದಳು ಅವ್ವ.

ಹಳ್ಳದ ದಂಡೆಯಲ್ಲಿ ಬೇವಿನ ಮರ, ಅದರ ಬುಡದಲ್ಲಿ ಅಮ್ಮನ ಸಣ್ಣ ಗುಡಿ, ಸುತ್ತ ಮೆಕ್ಕೆಜೋಳದ ಹೊಲ. ಗುಡಿಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಮಾವನನ್ನು ಕೂರಿಸಿದರು. ಊರಿಂದ ಕ್ಷೌರದವನು ಸೈಕಲ್ ಮೋಟರ್ ಮೇಲೆ ಬಂದ. ಚೀಲ ಇಳಿಸಿ ಆಚೆ ಈಚೆ ನೋಡಿ, ‘ಕೂಸು ಎಲ್ಲೈತ್ರಿ?’ ಎಂದು ಕೇಳಿದ. ಅವ್ವ ನನ್ನ ಭುಜ ತಟ್ಟಿ, ‘ಇದ ಕೂಸು,’ ಅಂದಳು. ಅವನು ನನ್ನ ಮುಖ ನೋಡಿದ. ನಾನು ಅವನನ್ನು ನೋಡಿದ ನೋಟಕ್ಕೆ ಪಾಪ, ನಗು ನುಂಗಿಕೊಂಡು ಕತ್ತಿ ಮಸೆಯಲು ಕುಳಿತ.

ಮಾತುಕತೆಯಾಗಿ ಕೊನೆಗೆ ನಾನು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ತಲೆಯನ್ನಷ್ಟೇ ಮಾವನ ತೊಡೆಯ ಮೇಲೆ ಇಡುವುದೆಂದು ತೀರ್ಮಾನವಾಯಿತು. ಮಾವ ಕತ್ತರಿ ಹಿಡಿದು ನನ್ನ ನೆತ್ತಿಯ ಮೇಲೆ ಕೈಯಾಡಿಸಿದ. ‘ಎಲ್ಲಿ ಹಾಕ್ಲೋ ಇದನ್ನ? ಒಂದು ಎಳಿನೂ ಇಲ್ಲಲ್ಲೋ ಮಾರಾಯ!’ ನನಗೆ ಉಳಿದಿದ್ದುದು ಕಿವಿಗಳ ಮೇಲೆ ಒಂದಿಷ್ಟು, ಹಿಂದೆ ಒಂದಿಷ್ಟು. ಅವ್ವ ಬಗ್ಗಿ ನೋಡಿ, ಹೊಲದ ಬದು ತೋರಿಸಿದ ಹಾಗೆ ಬೆರಳಿನಿಂದ ಗೆರೆ ಎಳೆದಳು. ಎಡಗಡೆಯದು ಅಮ್ಮನಿಗೆ. ಬಲಗಡೆಯದನ್ನು ಬಟ್ಟೆಯಲ್ಲಿ ಕಟ್ಟಿಕೊಡಬೇಕು, ಅದು ಕೂಡ್ಲಿಗಿ ಗುಡ್ಡಕ್ಕೆ ಹೋಗಬೇಕು. ‘ಅತ್ತಿಗೆ ಅನ್ಯಾಯ ಆಗಬಾರ್ದು,’ ಅಂದಳು. ಅತ್ತೆಯ ಜೊತೆ ಕೊನೆಯವರೆಗೂ ಕಿತ್ತಾಡಿದವಳು ಇವಳೇ. ನನಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಆ ಪ್ರೀತಿ ಬಹಳ ಹೊತ್ತು ನಿಲ್ಲಲಿಲ್ಲ. ತಲೆ ಮುಗಿಸಿದ ಕ್ಷೌರದವನು, ‘ಮೀಸಿ ಬಿಡ್ಲ್ಯಾ ಅಮ್ಮ?’ ಎಂದು ಕೇಳಿದ. ನನ್ನನ್ನಲ್ಲ, ಅವ್ವನನ್ನು!

‘ಯಾವ ಕೂಸಿಗೆ ಮೀಸಿ ಇರತಾವಪ? ತಗಿ.’

‘ಏಯ್, ಮೀಸಿ ಮುಟ್ಟಿಯಂದ್ರ ನೋಡು!’ ಎಂದು ನಾನು ಎದ್ದು ಕೂತೆ. ಮಾವ ನನ್ನ ಎರಡೂ ಕಿವಿ ಹಿಡಿದು ತಲೆಯನ್ನು ಮತ್ತೆ ತೊಡೆಗೆ ಒತ್ತಿದ. ‘ಸುಮ್ನ ಮಲಗಲೇ, ಜಾವಳದಾಗ ಎಲ್ಲಾ ಕೂಸೂ ಹಿಂಗ ಅಳತಾವು,’ ಅಂದ. ನೌಕರಿಗೆ ಸೇರಿದಂದಿನಿಂದ ಸಾಕಿದ ಮೀಸೆ ಬಾಯಿ ತೆರೆಯುವುದರೊಳಗೆ ಹೋಯಿತು. ಬಿಸಿನೀರು ಸುರಿದರು. ತಲೆಗೆ ಗಂಧ ಹಚ್ಚಿದರು. ಮಾವ ಕಟ್ಟಳೆಯಂತೆ ಹೊಸ ಬಿಳಿ ಅಂಗಿ ತೊಡಿಸಿ, ಹೆಗಲಿಗೆ ಟವೆಲ್ ಹಾಕಿದ. ಅವನ ಫೋನಿನಲ್ಲಿ ನನ್ನ ಮುಖ ನಾನೇ ನೋಡಿ ಬೆಚ್ಚಿದೆ. ಯಾವನೋ ಪರವೂರಿನವ ನನ್ನ ಅಂಗಿ ಹಾಕಿಕೊಂಡು ನಿಂತಿದ್ದ.

ಹೋಳಿಗೆಯ ಎಡೆ ಆಯಿತು. ಮರದ ನೆರಳಿಗೆ ಕೂತು ಎಲ್ಲರೂ ಉಂಡೆವು. ಹೊಟ್ಟೆ ತುಂಬಿ, ಹಳ್ಳದ ಕಡೆಯಿಂದ ತಂಪು ಗಾಳಿ ಬೋಳು ತಲೆಗೆ ಬಡಿಯುವಾಗ, ನಿಜ ಹೇಳುತ್ತೇನೆ, ನನಗೆ ಬಹಳ ಸುಖವಾಯಿತು. ದೇವರಿದ್ದರೂ ಇಲ್ಲದಿದ್ದರೂ ಹೋಳಿಗೆ ಚೆನ್ನಾಗಿತ್ತು. ಆಗ ಅವ್ವ ನನ್ನ ಕೈ ಹಿಡಿದು ಗುಡಿಯ ಬಾಗಿಲಿನ ತನಕ ಕರೆದುಕೊಂಡು ಹೋದಳು. ಒಳಗೆ ಬಾ ಅನ್ನಲಿಲ್ಲ.

‘ಈಗರ ಅನ್ನು,’ ಅಂದಳು.

ನಾನು ಮೆಕ್ಕೆಜೋಳದ ಹೊಲ ನೋಡಿದೆ. ಚಪ್ಪಲಿ ನೋಡಿದೆ. ಅವಳ ಕಣ್ಣು ಮಾತ್ರ ನೋಡಲಿಲ್ಲ. ‘ಕೂದ್ಲ ಕೊಟ್ಟೆ, ಮೀಸಿನೂ ಕೊಟ್ಟೆ. ಇಷ್ಟಕ್ಕ ಸಾಕು ಮಾಡು ಬೇ,’ ಅಂದೆ.

‘ಆತು ಬಿಡಪ,’ ಅಂದಳು. ಸಿಟ್ಟಿಲ್ಲ, ಕಣ್ಣೀರಿಲ್ಲ. ಸೆರಗು ಸರಿಮಾಡಿಕೊಂಡು ತಮ್ಮನ ಹತ್ತಿರ ಹೋಗಿ ಕೂತು ಎಲೆಅಡಿಕೆ ಮಡಿಚತೊಡಗಿದಳು. ಬೈದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಆ ‘ಬಿಡಪ’ ನನ್ನನ್ನು ಕೊರೆಯಿತು.

ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ ಬರುವ ಬಸ್ಸು ಸಂತೆಯ ದಿನದಷ್ಟು ತುಂಬಿತ್ತು. ಅವ್ವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅವಳ ಪಕ್ಕ ಮಲ್ಲಿಗೆ ಹೂವಿನ ಬುಟ್ಟಿಯ ಹೆಂಗಸು. ನಾನು ಕಂಬಿಗೆ ಒರಗಿ ಅವಳ ಸೀಟಿನ ಹತ್ತಿರ ನಿಂತೆ. ಅಷ್ಟು ವರ್ಷ ನಿಂತೇ ಓಡಾಡಿದವನಿಗೆ ಬಸ್ಸಿನಲ್ಲಿ ನಿಲ್ಲುವುದು ಕಷ್ಟವಲ್ಲ. ಕಂಡಕ್ಟರ್ ನನ್ನ ಕೈಕೆಳಗೆ ಕೆಲಸ ಕಲಿತವನೇ. ಒಂದು ನಿಮಿಷ ಗುರುತು ಹಿಡಿಯದೆ ಟಿಕೆಟ್ ಕೇಳಿದ, ಆಮೇಲೆ, ‘ಅಯ್ಯ ನೀವಾ! ಮೀಸಿ ಎಲ್ಲಿ ಇಳಿಸಿ ಬಂದ್ರಿ?’ ಅಂತ ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ. ಅವನಿಗೆ ಕೊಡಬೇಕಾದ್ದನ್ನು ಕೊಟ್ಟು ಮುಂದೆ ಕಳಿಸಿದೆ. ಅವ್ವ ತೂಕಡಿಸುತ್ತಿದ್ದಳು.

ಬಸ್ಸು ಒಂದು ಹಂಪ್ ಹಾರಿದಾಗ ಅವಳಿಗೆ ಎಚ್ಚರವಾಯಿತು. ತಲೆಯೆತ್ತಿ ನನ್ನನ್ನು ನೋಡಿದಳು. ಅಪರಿಚಿತರನ್ನು ನೋಡಿದಾಗ ಹೆಣ್ಣುಮಕ್ಕಳು ಮಾಡುವ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

‘ಕಂಡಕ್ಟರಪ್ಪಾರ, ಕೊಟ್ಟೂರು ಬಂದ್ರ ಹೇಳ್ರಿ. ನಾ ಹೊಸಬಾಕಿ.’

ಈ ಬಸ್ಸು ಕೊಟ್ಟೂರಿಗೆ ಹೋಗುವುದಿಲ್ಲ, ನಾನು ನಿನ್ನ ಮಗ, ಎಂದು ಬಾಯಿಗೆ ಬಂತು. ಹೆಂಡತಿಯ ಮಾತು ನೆನಪಾಯಿತು. ‘ಹೇಳತೀನ್ರಿ,’ ಅಂದೆ.

ಅವಳು ಹೂವಿನ ಹೆಂಗಸಿನ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು. ‘ಅಮ್ಮನ ಗುಡಿಗೆ ಹೋಗಿದ್ದೆ. ನಮ್ಮತ್ತಿಗೆ ಗೊತ್ತಿಲ್ಲ. ತವರಿಗೆ ಅಂತ ಹೇಳಿ ಬಂದೀನಿ.’ ಸೆರಗಿನ ಒಳಗೆ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಸುಕ್ಕುಗಟ್ಟಿದ ಆ ಮುಖದಲ್ಲಿ ನಾನು ಎಂದೂ ಕಾಣದ ನಾಚಿಕೆ ಬಂತು. ‘ಈಗ ಐದು ತಿಂಗ್ಳು.’

‘ಛಲೋ ಆತಲ್ರಿ,’ ಅಂದೆ.

‘ಗಂಡು ಕೂಸ ಐತಿ ಇದು. ಭಾಳ ಒದಿತಾನ್ರಿ. ಸಿಟ್ಟಿನವ, ಅವರಪ್ಪನಂಗ. ಇವನೇನು ದೇವ್ರಿಗೆ ಕೈ ಮುಗಿಯೋ ಪೈಕಿ ಅಲ್ಲ, ನನಗ ಈಗ ಗೊತ್ತಾಗೇತಿ. ಹೇಳಿದ್ದು ಒಂದೂ ಕೇಳಾಂಗಿಲ್ಲ. ಆದ್ರ ಒಳಗ ಭಾಳ ಮೆತ್ತಗ ಅದಾನ್ರಿ. ನನ್ನ ಕೈ ಬಿಡಾಂಗಿಲ್ಲ ಇವ.’

ಹೂವಿನ ಹೆಂಗಸು ನನ್ನ ಕಡೆ ನೋಡಿದಳು, ಆಮೇಲೆ ಬುಟ್ಟಿಯ ಕಡೆ ತಿರುಗಿ ಹೂವು ಸರಿಮಾಡತೊಡಗಿದಳು. ನಾನು ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

‘ಅದಕ್ಕ ಅಮ್ಮಗ ಕೇಳ್ಕೊಂಡು ಬಂದೆ. ಅವ ನಿನ್ನ ನೆನಸಲಿ ಬಿಡ್ಲಿ, ನೀ ಅವನ್ನ ಗುರ್ತ ಇಟ್ಕೋ ತಾಯಿ ಅಂತ. ಆಕಿ ಕೇಳಿದ್ಲೋ ಇಲ್ಲೋ. ನೀವು ನಾಕು ಊರು ತಿರುಗೋರು, ನೀವರ ಹೇಳ್ರಿ. ಈ ಕೂಸು ಆಕಿಗೆ ಗೊತ್ತೈತ್ಯೋ ಇಲ್ಲೋ?’

ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು. ಇಷ್ಟು ವರ್ಷ ಮಗನ ಹತ್ತಿರ ಕೇಳಿದ್ದ ಅದೇ ಪ್ರಶ್ನೆ. ಈಗ ಅದನ್ನು ಕೇಳುತ್ತಿರುವವಳು ಇನ್ನೂ ನನ್ನನ್ನು ಹಡೆಯದ ಒಬ್ಬ ಹುಡುಗಿ. ನನಗೆ ವಾದ ಬೇಡವಾಯಿತು. ಸುಳ್ಳಾಡಬೇಕು ಅಂತಲೂ ಅನ್ನಿಸಲಿಲ್ಲ. ಯಾಕೆಂದರೆ ಸುಳ್ಳಾಡುವ ಅಗತ್ಯವೇ ಇರಲಿಲ್ಲ. ನನ್ನ ಸಿಟ್ಟು, ನನ್ನ ಹಟ, ನಾನು ಕೈಮುಗಿಯದವನು ಅನ್ನುವುದು, ಎಲ್ಲವನ್ನೂ, ನಾನಿನ್ನೂ ಹೊಟ್ಟೆಯಲ್ಲಿರುವಾಗಲೇ ತಿಳಿದವಳಾಗಿ, ಅವಳು ನನ್ನೆದುರು ಆಗತಾನೇ ಹೇಳಿ ಮುಗಿಸಿದ್ದಳು.

‘ಗೊತ್ತೈತಿ ತಾಯಿ,’ ಅಂದೆ. ‘ಅವ ಹುಟ್ಟೂಕಿಂತ ಮೊದ್ಲ ಗೊತ್ತೈತಿ.’

‘ಖರೇನಾ?’

‘ಖರೇನ. ಎಲ್ಲಾ ಗೊತ್ತೈತಿ.’

ನನ್ನ ಕಣ್ಣನ್ನು ಹುಡುಕಿ ಹುಡುಕಿ ನೋಡಿದಳು. ನನ್ನ ಸುಳ್ಳು ಹಿಡಿಯುವಾಗ ನೋಡುತ್ತಿದ್ದ ನೋಟವೇ ಅದು. ಈ ಸಲ ಅವಳಿಗೆ ಹಿಡಿಯಲು ಏನೂ ಸಿಗಲಿಲ್ಲ. ಮುಖ ಅರಳಿತು. ಸೀಟಿಗೆ ಆರಾಮಾಗಿ ಒರಗಿ, ಹೊಟ್ಟೆಯ ಮೇಲಿನ ಕೈಯನ್ನು ಮೆಲ್ಲಗೆ ಸವರಿಕೊಂಡು, ಕಿಟಕಿಯ ಹೊರಗೆ ನೋಡುತ್ತ ಅಂದಳು:

‘ಹಂಗಾರ ಆತು ಬಿಡ್ರಿ. ಇನ್ನ ಹುಟ್ಟಲಿ ಅವ.’